ವೇಗ ಲೆಕ್ಕ ಹಾಕುವುದು ಹೇಗೆ: ಭಾಗಿಸುವ ಮೊದಲೇ ಮುಗಿಸಬೇಕಾದ ಕೆಲಸ

ವೇಗದ ಲೆಕ್ಕದಲ್ಲಿ ಭಾಗಾಕಾರ ತಪ್ಪುವವರು ಕಡಿಮೆ. ಎಡವುವುದು ಅದಕ್ಕೂ ಮೊದಲು. ಯಾವುದನ್ನು ಯಾವುದರಿಂದ ಭಾಗಿಸಬೇಕು, ಯಾವ ದಿಕ್ಕು ಪ್ಲಸ್, ಯಾವುದು ಮೈನಸ್, ಕಾಲ ಗಂಟೆಯಲ್ಲಿದೆಯೋ ಸೆಕೆಂಡಿನಲ್ಲಿದೆಯೋ, ಇವನ್ನು ತೀರ್ಮಾನಿಸುವಲ್ಲಿ. ಕ್ಯಾಲ್ಕುಲೇಟರ್ ಕೈಗೆತ್ತಿಕೊಳ್ಳುವ ಹೊತ್ತಿಗೆ ಉತ್ತರದ ಹಣೆಬರಹ ಬರೆದಾಗಿರುತ್ತದೆ.

ಕನ್ನಡದಲ್ಲಿ ಓದುವವರಿಗೆ ಇದರ ಜೊತೆ ಪದದ ತೊಡಕೂ ಇದೆ. ಆಡುಮಾತಿನಲ್ಲಿ 'ಗಾಡಿಯ ವೇಗ ಅರವತ್ತು' ಎಂದರೆ ಸ್ಪೀಡ್. ಭೌತಶಾಸ್ತ್ರದ ಪಠ್ಯದಲ್ಲಿ ಸ್ಪೀಡ್‌ಗೆ 'ಜವ' ಎನ್ನುತ್ತಾರೆ, ವೆಲಾಸಿಟಿಗೆ ಮಾತ್ರ 'ವೇಗ'. ಜವಕ್ಕೆ ಎಷ್ಟು ಎಂದು ಹೇಳಿದರೆ ಸಾಕು. ವೇಗಕ್ಕೆ ಎಷ್ಟು ಎನ್ನುವುದರ ಜೊತೆ ಯಾವ ಕಡೆಗೆ ಎಂಬುದೂ ಬೇಕು. ಸ್ಪೀಡೋಮೀಟರ್ ತೋರಿಸುವುದು ಜವವನ್ನು. ಗಾಡಿ ಯಾವ ದಿಕ್ಕಿಗೆ ಹೊರಟಿದೆ ಎಂಬುದು ಅದಕ್ಕೆ ತಿಳಿಯದು. ಹಾಗೆಯೇ 'ದೂರ' ಎಂದರೆ ನಡೆದ ಹಾದಿಯ ಪೂರ್ತಿ ಉದ್ದ, 'ಸ್ಥಾನಪಲ್ಲಟ' ಎಂದರೆ ಹೊರಟ ಜಾಗದಿಂದ ಮುಟ್ಟಿದ ಜಾಗಕ್ಕೆ ನೇರ ಗೆರೆ, ದಿಕ್ಕಿನ ಸಮೇತ. ದೂರವನ್ನು ಕಾಲದಿಂದ ಭಾಗಿಸಿದರೆ ಜವ, ಸ್ಥಾನಪಲ್ಲಟವನ್ನು ಭಾಗಿಸಿದರೆ ವೇಗ. ಮುಂದಿನದೆಲ್ಲ ಈ ಎರಡನ್ನು ಕಲಸದೆ ಇಡುವ ಕೆಲಸವೇ.

ಮೊದಲು ಗೆರೆ, ಆಮೇಲೆ ಸೂತ್ರ

ಲೆಕ್ಕ ಎಷ್ಟೇ ಸುಲಭ ಕಂಡರೂ ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ಅದರ ಮೇಲೆ ಸೊನ್ನೆ ಎಲ್ಲಿದೆ ಎಂದು ಗುರುತು ಹಾಕಿ. ಒಂದು ಬಾಣ ಎಳೆದು 'ಈ ಕಡೆ ಪ್ಲಸ್' ಎಂದು ಬರೆಯಿರಿ. ಯಾವ ಕಡೆಯನ್ನು ಪ್ಲಸ್ ಮಾಡಿದರೂ ನಡೆಯುತ್ತದೆ, ಲೆಕ್ಕದ ನಡುವೆ ಬದಲಿಸಿದರೆ ಮಾತ್ರ ಕೆಟ್ಟಿತು. ಆಮೇಲೆ ಸೂತ್ರ:

ಸರಾಸರಿ ವೇಗ = (ಕೊನೆಯ ಸ್ಥಾನ − ಮೊದಲ ಸ್ಥಾನ) ÷ (ಕೊನೆಯ ಸಮಯ − ಮೊದಲ ಸಮಯ)

ಒಂದು ಆಟದ ಕಾರು 3ನೇ ಸೆಕೆಂಡಿನಲ್ಲಿ +12 ಮೀಟರ್ ಗುರುತಿನಲ್ಲಿತ್ತು, 12ನೇ ಸೆಕೆಂಡಿನಲ್ಲಿ −6 ಮೀಟರ್ ಗುರುತಿನಲ್ಲಿದೆ ಎನ್ನಿ. ಸ್ಥಾನಪಲ್ಲಟ −6 − 12 = −18 ಮೀಟರ್. ಕಾಲ 12 − 3 = 9 ಸೆಕೆಂಡ್. ವೇಗ −2 ಮೀ/ಸೆ. ಮೈನಸ್ ಎಂದರೆ ಕಾರು ಬಾಣಕ್ಕೆ ಎದುರು ದಿಕ್ಕಿನಲ್ಲಿ ಸಾಗಿದೆ ಎಂದಷ್ಟೇ ಅರ್ಥ. ಅದನ್ನು 'ನಿಧಾನವಾಯಿತು' ಎಂದು ಓದಬಾರದು. ಈ ಲೆಕ್ಕದಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. 12ರಿಂದ 6 ಕಳೆದು ಸ್ಥಾನಪಲ್ಲಟ 6 ಎಂದು ಬರೆಯುವುದು ಒಂದು, ಕಾಲವನ್ನು 9ರ ಬದಲು 12 ಎಂದು ಹಿಡಿಯುವುದು ಇನ್ನೊಂದು. ಗಡಿಯಾರ 12 ತೋರಿಸಿದ್ದು ನಿಜ, ಆದರೆ ನಮ್ಮ ಲೆಕ್ಕ ಶುರುವಾದದ್ದು 3ರಲ್ಲಿ.

ಹಿಂದೆ ಮುಂದೆ ಓಡಾಡುವ ಲೆಕ್ಕದಲ್ಲಿ ಜವಕ್ಕೂ ವೇಗಕ್ಕೂ ಇರುವ ಅಂತರ ಚೆನ್ನಾಗಿ ಎದ್ದು ಕಾಣುತ್ತದೆ. ಒಬ್ಬರು ಪೂರ್ವಕ್ಕೆ 60 ಮೀಟರನ್ನು 40 ಸೆಕೆಂಡಿನಲ್ಲಿ ನಡೆದು, ತಿರುಗಿ ಪಶ್ಚಿಮಕ್ಕೆ 20 ಮೀಟರನ್ನು 10 ಸೆಕೆಂಡಿನಲ್ಲಿ ನಡೆದರು. ದೂರ 80 ಮೀಟರ್, ಕಾಲ 50 ಸೆಕೆಂಡ್, ಸರಾಸರಿ ಜವ 1.6 ಮೀ/ಸೆ. ಸ್ಥಾನಪಲ್ಲಟ 40 ಮೀಟರ್ ಪೂರ್ವಕ್ಕೆ, ಸರಾಸರಿ ವೇಗ 0.8 ಮೀ/ಸೆ ಪೂರ್ವಕ್ಕೆ. ನಡುವೆ 30 ಸೆಕೆಂಡ್ ನಿಂತು ಸುಧಾರಿಸಿಕೊಂಡಿದ್ದರೆ ಆ 30 ಸೆಕೆಂಡೂ ಕಾಲಕ್ಕೆ ಸೇರುತ್ತದೆ, ಆಗ ವೇಗ 40 ÷ 80 = 0.5 ಮೀ/ಸೆ. ನಿಂತ ಹೊತ್ತನ್ನು ಲೆಕ್ಕದಿಂದ ಬಿಡುವುದಕ್ಕೆ ಸರಾಸರಿಯಲ್ಲಿ ಅವಕಾಶವಿಲ್ಲ. 50 ಮೀಟರ್ ಈಜುಕೊಳದಲ್ಲಿ ಆ ತುದಿ ಮುಟ್ಟಿ ಈ ತುದಿಗೆ ಮರಳಿದರೆ ಸರಾಸರಿ ವೇಗ ಸೊನ್ನೆ, ಎಷ್ಟೇ ಬಿರುಸಾಗಿ ಈಜಿದ್ದರೂ.

ವೃತ್ತದಲ್ಲಿಯೂ ಹೀಗೆಯೇ. 7 ಮೀಟರ್ ತ್ರಿಜ್ಯದ ವೃತ್ತದ ಅರ್ಧ ಸುತ್ತನ್ನು 11 ಸೆಕೆಂಡಿನಲ್ಲಿ ಓಡಿದರೆ ಹಾದಿಯ ಉದ್ದ ಪೈ × 7, ಸುಮಾರು 22 ಮೀಟರ್. ಜವ 2 ಮೀ/ಸೆ. ನೇರ ಗೆರೆಯಾದರೋ ವ್ಯಾಸವೇ, 14 ಮೀಟರ್. ಸರಾಸರಿ ವೇಗ 14 ÷ 11, ಸುಮಾರು 1.27 ಮೀ/ಸೆ. ಜವ ಒಂದೇ ಸಮ ಇದ್ದರೂ ಓಡುವವರ ವೇಗ ಕ್ಷಣಕ್ಷಣಕ್ಕೂ ಬದಲಾಗುತ್ತಿದೆ, ಏಕೆಂದರೆ ಅವರ ಮುಖ ಬೇರೆ ದಿಕ್ಕಿಗೆ ತಿರುಗುತ್ತಲೇ ಇದೆ.

ಏಕಮಾನದ ಕಾಟ

ಮೀಟರ್ ಮತ್ತು ಸೆಕೆಂಡ್ ಇಟ್ಟುಕೊಂಡು ಲೆಕ್ಕ ಮಾಡಿದರೆ ಅರ್ಧ ತಲೆನೋವು ಕಡಿಮೆ. ಕಿ.ಮೀ/ಗಂಟೆಯನ್ನು ಮೀ/ಸೆ ಮಾಡಲು 3.6ರಿಂದ ಭಾಗಿಸಿ, ತಿರುಗಿ ಬರಲು 3.6ರಿಂದ ಗುಣಿಸಿ. ಒಂದು ಕಿಲೋಮೀಟರಿಗೆ 1000 ಮೀಟರ್, ಒಂದು ಗಂಟೆಗೆ 3600 ಸೆಕೆಂಡ್, ಅವುಗಳ ಅನುಪಾತವೇ 3.6. ಗುಣಿಸುವುದೋ ಭಾಗಿಸುವುದೋ ಮರೆತರೆ ಹೀಗೆ ನೆನಪಿಡಿ: ಒಂದೇ ಓಟಕ್ಕೆ ಕಿ.ಮೀ/ಗಂಟೆಯ ಸಂಖ್ಯೆ ಯಾವಾಗಲೂ ದೊಡ್ಡದು. 18 ಎಂದರೆ 5, 36 ಎಂದರೆ 10, 54 ಎಂದರೆ 15, 72 ಎಂದರೆ 20. ಈ ನಾಲ್ಕು ಜೋಡಿ ಬಾಯಲ್ಲಿದ್ದರೆ ಬಂದ ಉತ್ತರ ಸರಿಯೇ ಎಂದು ಕಣ್ಣಳತೆಯಲ್ಲೇ ಹೇಳಬಹುದು.

ನಿಮಿಷ ಇನ್ನೂ ಕಿತಾಪತಿ ಮಾಡುತ್ತದೆ. 2 ನಿಮಿಷ 30 ಸೆಕೆಂಡ್ ಎಂಬುದನ್ನು ಕ್ಯಾಲ್ಕುಲೇಟರಿಗೆ 2.30 ಎಂದು ಕೊಡುವವರಿದ್ದಾರೆ. ಅದು 2.5 ನಿಮಿಷ, ಅಥವಾ 150 ಸೆಕೆಂಡ್. ಹಾಗೆಯೇ 1 ಗಂಟೆ 20 ನಿಮಿಷ ಎಂದರೆ 1.20 ಗಂಟೆಯಲ್ಲ, 80 ÷ 60, ಅಂದರೆ ಸುಮಾರು 1.33 ಗಂಟೆ. ಪ್ರತಿ ಸಾಲಿನಲ್ಲೂ ಸಂಖ್ಯೆಯ ಪಕ್ಕ ಏಕಮಾನ ಬರೆಯುವ ರೂಢಿ ಇಟ್ಟುಕೊಂಡರೆ ಈ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

ಎರಡು ಜವಗಳ ಸರಾಸರಿ

ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಅಚ್ಚುಮೆಚ್ಚಿನ ಬಲೆ ಇದು. 60 ಕಿ.ಮೀ ಹಾದಿಯನ್ನು ಗಂಟೆಗೆ 30ರಲ್ಲಿ, ಅದೇ ದಿಕ್ಕಿನ ಮುಂದಿನ 60 ಕಿ.ಮೀ ಹಾದಿಯನ್ನು ಗಂಟೆಗೆ 60ರಲ್ಲಿ ಸಾಗಿದರೆ ಸರಾಸರಿ ಎಷ್ಟು? 45 ಅಲ್ಲ. ಮೊದಲ ತುಂಡಿಗೆ 2 ಗಂಟೆ, ಎರಡನೆಯದಕ್ಕೆ 1 ಗಂಟೆ, ಒಟ್ಟು 120 ಕಿ.ಮೀಗೆ 3 ಗಂಟೆ, ಸರಾಸರಿ 40. ನಿಧಾನದ ತುಂಡಿನಲ್ಲಿ ಹೆಚ್ಚು ಹೊತ್ತು ಕಳೆದದ್ದರಿಂದ ಸರಾಸರಿ ಅದರ ಕಡೆಗೆ ವಾಲಿದೆ. 30ರಲ್ಲಿ ಒಂದು ಗಂಟೆ, 60ರಲ್ಲಿ ಒಂದು ಗಂಟೆ ಎಂದು ಕಾಲ ಸಮನಾಗಿ ಹಂಚಿದ್ದರೆ ಮಾತ್ರ 45 ಸರಿ. ಅನುಮಾನ ಬಂದಾಗಲೆಲ್ಲ ಒಟ್ಟು ಸ್ಥಾನಪಲ್ಲಟ, ಒಟ್ಟು ಕಾಲ, ಇವೆರಡಕ್ಕೇ ಮರಳಿ.

ದಿಕ್ಕು ಎರಡಾದಾಗ

ಒಂದೇ ಗೆರೆಯ ಮೇಲಿನ ಚಲನೆಗೆ ಪ್ಲಸ್ ಮೈನಸ್ ಸಾಕು. ತಿರುವು ಬಂದರೆ ಚಿತ್ರ ಬೇಕೇ ಬೇಕು. 30 ಮೀಟರ್ ಪೂರ್ವಕ್ಕೆ, ಆಮೇಲೆ 40 ಮೀಟರ್ ಉತ್ತರಕ್ಕೆ, ಒಟ್ಟು 25 ಸೆಕೆಂಡ್. ಇವೆರಡೂ ಲಂಬಕೋನ ತ್ರಿಭುಜದ ಬದಿಗಳು, ಸ್ಥಾನಪಲ್ಲಟ ಅದರ ಕರ್ಣ: 30ರ ವರ್ಗ 900, 40ರ ವರ್ಗ 1600, ಕೂಡಿದರೆ 2500, ವರ್ಗಮೂಲ 50. ವೇಗದ ಪ್ರಮಾಣ 50 ÷ 25 = 2 ಮೀ/ಸೆ. ಇಲ್ಲಿಗೆ ನಿಲ್ಲಿಸಿದರೆ ಉತ್ತರ ಅರ್ಧವಾಯಿತು, ದಿಕ್ಕು ಬಾಕಿ. 40 ÷ 30 ಎಂಬುದರ ವಿಲೋಮ ಟ್ಯಾನ್ ತೆಗೆದರೆ ಸುಮಾರು 53 ಡಿಗ್ರಿ. ಪೂರ್ವದಿಂದ ಉತ್ತರದ ಕಡೆಗೆ 53 ಡಿಗ್ರಿ ಎಂದು ಬರೆಯಬೇಕು. ಕ್ಯಾಲ್ಕುಲೇಟರ್ 0.927 ಎಂದು ತೋರಿಸಿದರೆ ಅದು ರೇಡಿಯನ್ (ಕೋನದ ಇನ್ನೊಂದು ಏಕಮಾನ) ಮೋಡ್‌ನಲ್ಲಿದೆ, ಡಿಗ್ರಿಗೆ ಬದಲಿಸಿಕೊಳ್ಳಿ.

ನದಿ ದಾಟುವ ದೋಣಿಯ ಲೆಕ್ಕ ಇದರ ಮುಂದಿನ ಮೆಟ್ಟಿಲು, ಸ್ವಲ್ಪ ಹೊತ್ತು ಕೂರಬೇಕಾದದ್ದೂ ಹೌದು. ನದಿಯ ಅಗಲ 80 ಮೀಟರ್. ದೋಣಿಯ ಮೂತಿ ನೇರ ಎದುರು ದಡಕ್ಕೆ, ನೀರಿನ ಮೇಲೆ ಅದರ ವೇಗ 4 ಮೀ/ಸೆ. ನೀರು ಪಕ್ಕಕ್ಕೆ 3 ಮೀ/ಸೆನಲ್ಲಿ ಹರಿಯುತ್ತಿದೆ. ದಡದಲ್ಲಿ ನಿಂತವರಿಗೆ ಕಾಣುವ ವೇಗ 16 + 9ರ ವರ್ಗಮೂಲ, 5 ಮೀ/ಸೆ. ಇಷ್ಟು ಸರಿಯಾಗಿ ಮಾಡಿ, ಮರುಕ್ಷಣವೇ 80 ÷ 5 = 16 ಸೆಕೆಂಡ್ ಎಂದು ಬರೆಯುತ್ತಾರೆ. ತಪ್ಪು. 5 ಮೀ/ಸೆ ಓರೆ ಹಾದಿಯ ವೇಗ, 80 ಮೀಟರ್ ನೇರ ಅಡ್ಡಳತೆ. ಎರಡೂ ಬೇರೆ ದಿಕ್ಕಿನವು. ಅಡ್ಡಕ್ಕೆ ದಾಟಿಸುವುದು 4 ಮೀ/ಸೆ ಮಾತ್ರ, ಹಾಗಾಗಿ 20 ಸೆಕೆಂಡ್. ಆ 20 ಸೆಕೆಂಡಿನಲ್ಲಿ ನೀರು ದೋಣಿಯನ್ನು 60 ಮೀಟರ್ ಹರಿವಿನ ದಿಕ್ಕಿಗೆ ಒಯ್ದಿರುತ್ತದೆ. ತಾಳೆ ನೋಡಿ: ಓರೆ ಹಾದಿ 80 ಮತ್ತು 60ರಿಂದ 100 ಮೀಟರ್, 100 ÷ 5 = 20. ಒಂದು ದಿಕ್ಕಿನ ಉದ್ದವನ್ನು ಅದೇ ದಿಕ್ಕಿನ ವೇಗದಿಂದಲೇ ಭಾಗಿಸಬೇಕು.

ಈ ಕ್ಷಣದ ವೇಗ

2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ಭಾಗಿಸಿದರೆ 10.44 ಮೀ/ಸೆ. ಆದರೆ ಹೊರಡುವಾಗ ಅವರ ವೇಗ ಸೊನ್ನೆ, ಓಟದ ನಡುವಿನ ಗರಿಷ್ಠ 12 ಮೀ/ಸೆ ದಾಟಿತ್ತು. ಸರಾಸರಿ ಇಡೀ ಓಟದ ಕಥೆಯನ್ನು ಒಂದೇ ಸಂಖ್ಯೆಗೆ ಹಿಂಡಿಬಿಡುತ್ತದೆ. ಒಂದು ಕ್ಷಣದ ವೇಗ ಬೇಕಾದರೆ ಕಾಲದ ತುಂಡನ್ನು ಚಿಕ್ಕದು ಮಾಡುತ್ತಾ ಹೋಗಬೇಕು.

ಕೈಯಲ್ಲೇ ಮಾಡಿ ನೋಡಿ. ವಸ್ತುವಿನ ಸ್ಥಾನ, ಮೀಟರಿನಲ್ಲಿ, ಕಾಲದ ವರ್ಗದ ಎರಡರಷ್ಟು ಎಂದಿರಲಿ. 3ನೇ ಸೆಕೆಂಡಿನಲ್ಲಿ ಸ್ಥಾನ 2 × 9 = 18. 3.1ರಲ್ಲಿ 2 × 9.61 = 19.22. ಅಂತರ 1.22, ಕಾಲ 0.1, ವೇಗ 12.2. ತುಂಡನ್ನು 0.01ಕ್ಕೆ ಇಳಿಸಿದರೆ 18.1202ರಿಂದ 18 ಕಳೆದು 0.1202, ವೇಗ 12.02. 0.001ಕ್ಕೆ ಇಳಿಸಿದರೆ 12.002. ಸಂಖ್ಯೆ 12ಕ್ಕೆ ಹತ್ತಿರ ಹತ್ತಿರ ಬಂದು ಅಂಟಿಕೊಳ್ಳುತ್ತಿದೆ. 3ನೇ ಸೆಕೆಂಡಿನ ವೇಗ 12 ಮೀ/ಸೆ. ಕಲನಶಾಸ್ತ್ರ (ಕ್ಯಾಲ್ಕುಲಸ್) ಕಲಿತವರು ಇದನ್ನೇ ಒಂದೇ ಹೆಜ್ಜೆಯಲ್ಲಿ ಕಾಲದ ನಾಲ್ಕರಷ್ಟು ಎಂದು ಬರೆದು ಮುಗಿಸುತ್ತಾರೆ. ಕಾಲದ ತುಂಡನ್ನು ಸೊನ್ನೆಯೇ ಮಾಡಿದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗಿ ಏನೂ ದಕ್ಕುವುದಿಲ್ಲ.

ನಕ್ಷೆ ಕೊಟ್ಟಿದ್ದರೆ ಅಕ್ಷಗಳ ಮೇಲೆ ಏನು ಬರೆದಿದೆ ಎಂದು ಮೊದಲು ಓದಿ. ಸ್ಥಾನ ಮತ್ತು ಕಾಲದ ನಕ್ಷೆಯಲ್ಲಿ ಗೆರೆಯ ಓರೆಯೇ ವೇಗ. ಗೆರೆ ಬಾಗಿದ್ದರೆ ಬೇಕಾದ ಬಿಂದುವಿನಲ್ಲಿ ಸ್ಪರ್ಶಕ (ಬಾಗಿದ ಗೆರೆಯನ್ನು ಅಲ್ಲಿ ಮುಟ್ಟಿ ಹೋಗುವ ನೇರ ಗೆರೆ) ಎಳೆದು, ಅದರ ಮೇಲೆ ಸಾಧ್ಯವಾದಷ್ಟು ದೂರದ ಎರಡು ಬಿಂದು ಆರಿಸಿ ಓರೆ ಅಳೆಯಿರಿ. ಹತ್ತಿರದ ಬಿಂದು ಆರಿಸಿದರೆ ಪೆನ್ಸಿಲ್ ಮೊನೆಯ ದಪ್ಪವೇ ಉತ್ತರ ಕೆಡಿಸುತ್ತದೆ. ವೇಗ ಮತ್ತು ಕಾಲದ ನಕ್ಷೆಯಾದರೆ ವೇಗವನ್ನು ನೇರ ಓದಿಕೊಳ್ಳಬಹುದು; ಅಲ್ಲಿ ಓರೆ ವೇಗೋತ್ಕರ್ಷ (ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಎಂಬ ಅಳತೆ), ಗೆರೆಯ ಕೆಳಗಿನ ವಿಸ್ತೀರ್ಣ ಸ್ಥಾನಪಲ್ಲಟ.

ವೇಗ ಒಂದೇ ಸಮನೆ ಏರುವಾಗ, ಇಳಿಯುವಾಗ

'ವಿ ಈಕ್ವಲ್ಸ್ ಯು ಪ್ಲಸ್ ಎಟಿ' ಎಂದು ಬಾಯಿಪಾಠ ಮಾಡುವ ಸೂತ್ರ ಹೇಳುವುದು ಇಷ್ಟೇ: ಕೊನೆಯ ವೇಗ = ಮೊದಲ ವೇಗ + ವೇಗೋತ್ಕರ್ಷ × ಕಾಲ. ಕಾಲ ಕೊಡದೆ ಉದ್ದ ಕೊಟ್ಟಿದ್ದರೆ: ಕೊನೆಯ ವೇಗದ ವರ್ಗ = ಮೊದಲ ವೇಗದ ವರ್ಗ + 2 × ವೇಗೋತ್ಕರ್ಷ × ಸ್ಥಾನಪಲ್ಲಟ. ವೇಗೋತ್ಕರ್ಷ ಬದಲಾಗದೆ ಇದ್ದಾಗ ಮಾತ್ರ ಇವು ನಡೆಯುತ್ತವೆ. ಯಾವುದನ್ನು ಬಳಸಬೇಕು ಎಂಬ ಗೊಂದಲಕ್ಕೆ ಮದ್ದು: ಕೊಟ್ಟದ್ದನ್ನೂ ಕೇಳಿದ್ದನ್ನೂ ಪಟ್ಟಿ ಮಾಡಿ, ಪ್ರಶ್ನೆಯಲ್ಲಿ ಇಲ್ಲದೇ ಇರುವುದು ಕಾಲವೋ ಉದ್ದವೋ ನೋಡಿ, ಅದಿಲ್ಲದ ಸೂತ್ರ ಆರಿಸಿ.

72 ಕಿ.ಮೀ/ಗಂಟೆಯಲ್ಲಿ ಸಾಗುವ ಕಾರು ಸೆಕೆಂಡಿಗೆ 5 ಮೀ/ಸೆ ಪ್ರಮಾಣದಲ್ಲಿ ಬ್ರೇಕ್ ಹಾಕಿತು. ಮೊದಲು 72 ÷ 3.6 = 20 ಮೀ/ಸೆ. ಸಾಗುವ ದಿಕ್ಕು ಪ್ಲಸ್, ಹಾಗಾಗಿ ವೇಗೋತ್ಕರ್ಷ −5 ಮೀ/ಸೆ². 3 ಸೆಕೆಂಡಿನ ನಂತರ ವೇಗ 20 − 15 = 5 ಮೀ/ಸೆ. 6 ಸೆಕೆಂಡಿನ ನಂತರ? ಸೂತ್ರಕ್ಕೆ ಹಾಕಿದರೆ −10 ಬರುತ್ತದೆ, ಕಾರು ಹಿಮ್ಮುಖವಾಗಿ ಓಡಿತು ಎಂದ ಹಾಗೆ. ಬ್ರೇಕ್ ಕಾರನ್ನು ನಿಲ್ಲಿಸುತ್ತದೆ, ಹಿಂದಕ್ಕೆ ಓಡಿಸುವುದಿಲ್ಲ. 4ನೇ ಸೆಕೆಂಡಿಗೇ ವೇಗ ಸೊನ್ನೆಯಾಗಿ ಕಾರು ನಿಂತಿದೆ, ಅಲ್ಲಿಂದಾಚೆಗೆ ಸೂತ್ರ ಸಲ್ಲದು. ಬ್ರೇಕಿನ ಲೆಕ್ಕದಲ್ಲಿ ನಿಲ್ಲುವ ಕಾಲವನ್ನು ಮೊದಲೇ ಕಂಡುಹಿಡಿದಿಟ್ಟುಕೊಳ್ಳುವುದು ಕ್ಷೇಮ. ಅಷ್ಟರಲ್ಲಿ ಕಾರು ಸಾಗಿದ್ದು 40 ಮೀಟರ್: 20ರ ವರ್ಗ 400, ಅದನ್ನು 2 × 5ರಿಂದ ಭಾಗಿಸಿದಾಗ ಬಂದದ್ದು.

ಕೆಳಗೆ ಬೀಳುವ ವಸ್ತುವಿಗೆ ಗಾಳಿಯ ತಡೆ ಬಿಟ್ಟರೆ ವೇಗೋತ್ಕರ್ಷ 9.8 ಮೀ/ಸೆ². ಭೂಮಧ್ಯರೇಖೆಯ ಬಳಿ ಸುಮಾರು 9.78, ಧ್ರುವಗಳ ಬಳಿ 9.83, 1901ರಲ್ಲಿ ಒಪ್ಪಿದ ಪ್ರಮಾಣಿತ ಬೆಲೆ 9.80665. ಶಾಲೆಯ ಲೆಕ್ಕಕ್ಕೆ 9.8 ಸಾಕು, ಬಾಯಿಲೆಕ್ಕಕ್ಕೆ 10. 20 ಮೀಟರ್ ಎತ್ತರದಿಂದ ಸುಮ್ಮನೆ ಬಿಟ್ಟ ಕಲ್ಲು ನೆಲ ಮುಟ್ಟುವಾಗಿನ ವೇಗ 2 × 9.8 × 20 = 392ರ ವರ್ಗಮೂಲ, 19.8 ಮೀ/ಸೆ ಕೆಳಕ್ಕೆ. 'ನೆಲಕ್ಕೆ ಬಿದ್ದ ಮೇಲೆ ವೇಗ ಸೊನ್ನೆಯಲ್ಲವೇ' ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಸೂತ್ರ ಕೊಡುವುದು ನೆಲ ಮುಟ್ಟುವ ಮುನ್ನಿನ ಗಳಿಗೆಯ ವೇಗ. ಮುಟ್ಟಿದ ಮೇಲೆ ನೆಲ ಒತ್ತಿ ನಿಲ್ಲಿಸುವುದು ಬೇರೆಯೇ ಚಲನೆ.

ಮೇಲಕ್ಕೆ ಎಸೆದ ಚೆಂಡಿನಲ್ಲಿ ಚಿಹ್ನೆಯ ಕೆಲಸ ಎದುರಿಗೇ ಕಾಣುತ್ತದೆ. ಮೇಲಕ್ಕೆ ಪ್ಲಸ್, ಎಸೆದ ವೇಗ 14.7 ಮೀ/ಸೆ, ವೇಗೋತ್ಕರ್ಷ ಉದ್ದಕ್ಕೂ −9.8. 1 ಸೆಕೆಂಡಿಗೆ +4.9, 1.5 ಸೆಕೆಂಡಿಗೆ 0, 2 ಸೆಕೆಂಡಿಗೆ −4.9, 3 ಸೆಕೆಂಡಿಗೆ −14.7, ಅಂದರೆ ಎಸೆದ ಕೈಗೇ ವಾಪಸು. ಏರುವಾಗ −9.8, ಇಳಿಯುವಾಗ +9.8 ಎಂದು ನಡುವೆ ಬದಲಿಸಬೇಡಿ. ತುತ್ತತುದಿಯಲ್ಲಿ ಸೊನ್ನೆಯಾಗುವುದು ವೇಗ, ವೇಗೋತ್ಕರ್ಷವಲ್ಲ. ಅದೂ ಸೊನ್ನೆಯಾಗಿದ್ದರೆ ಚೆಂಡು ಅಲ್ಲೇ ತೂಗಾಡುತ್ತಿತ್ತು. ವರ್ಗದ ಸೂತ್ರ ಬಳಸಿದಾಗ ಇನ್ನೊಂದು ಎಚ್ಚರ: ವರ್ಗಮೂಲಕ್ಕೆ ಪ್ಲಸ್ಸೂ ಮೈನಸ್ಸೂ ಎರಡು ಉತ್ತರ, ಕ್ಯಾಲ್ಕುಲೇಟರ್ ಕೊಡುವುದು ಪ್ಲಸ್ ಮಾತ್ರ. ವಸ್ತು ಇಳಿಯುತ್ತಿದ್ದರೆ ಮೈನಸ್ಸನ್ನು ನಾವೇ ಹಾಕಬೇಕು.

ಅಳೆದು ನೋಡುವುದಾದರೆ

ಉದ್ದಕ್ಕೆ ಸೀಳಿದ ಪಿವಿಸಿ ಪೈಪಿನ ಅರ್ಧ ಭಾಗ, ಗೋಲಿ, ಟೇಪು, ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಸಾಕು. ಪೈಪಿನ 1.2 ಮೀಟರ್ ಉದ್ದಕ್ಕೆ ಒಂದು ತುದಿಯನ್ನು 10 ಸೆಂ.ಮೀ ಎತ್ತಿದರೆ ಗೋಲಿ ಸುಮಾರು 2 ಸೆಕೆಂಡಿನಲ್ಲಿ ಕೆಳಗೆ ಬರುತ್ತದೆ. ಗೋಲಿಯನ್ನು ತಳ್ಳದೆ, ಅಡ್ಡ ಹಿಡಿದ ಸ್ಕೇಲನ್ನು ಸರಕ್ಕನೆ ಎತ್ತಿ ಬಿಡಿ. ಸರಾಸರಿ ವೇಗ 1.2 ÷ 2 = 0.6 ಮೀ/ಸೆ. ಇದನ್ನೇ ಬುಡದಲ್ಲಿನ ವೇಗ ಎಂದುಕೊಂಡರೆ ತಪ್ಪಾಯಿತು. ಸೊನ್ನೆಯಿಂದ ಒಂದೇ ಸಮ ಏರಿದ್ದರಿಂದ ಬುಡದ ವೇಗ ಸರಾಸರಿಯ ಎರಡರಷ್ಟು, 1.2 ಮೀ/ಸೆ. ಬುಡಕ್ಕೆ ಹೊಂದಿಕೊಂಡಂತೆ ನೆಲದ ಮೇಲೆ ಇನ್ನೊಂದು ಪೈಪನ್ನು ಮಟ್ಟಸವಾಗಿ ಜೋಡಿಸಿ, 1.2 ಮೀಟರ್ ಸಾಗಲು ಎಷ್ಟು ಹೊತ್ತು ಎಂದು ಅಳೆದರೆ ಸುಮಾರು 1 ಸೆಕೆಂಡ್ ಬರಬೇಕು. ಇನ್ನೂ ಹೆಚ್ಚು ಬಂದರೆ ಕೀಲಿನಲ್ಲಿ ಗೋಲಿ ಕುಪ್ಪಳಿಸುತ್ತಿದೆ. ಅಲ್ಲಿ ದಪ್ಪ ಕಾಗದ ಅಂಟಿಸಿ ನುಣುಪು ಮಾಡಿ.

ಸ್ಟಾಪ್‌ವಾಚ್ ಎರಡು ದಶಮಾಂಶ ತೋರಿಸುತ್ತದೆ, ಬೆರಳಿಗೆ ಅಷ್ಟು ಚುರುಕಿಲ್ಲ. ಒತ್ತುವಲ್ಲಿ 0.1 ಸೆಕೆಂಡ್ ಆಚೀಚೆ ಆದರೂ 0.5 ಸೆಕೆಂಡಿನ ಓಟದಲ್ಲಿ ಅದು 20 ಶೇಕಡಾ ತಪ್ಪು, 2 ಸೆಕೆಂಡಿನ ಓಟದಲ್ಲಿ 5 ಶೇಕಡಾ. ಆದ್ದರಿಂದ ಇಳಿಜಾರು ಕಡಿಮೆ ಮಾಡಿ, ಉದ್ದ ಹೆಚ್ಚಿಸಿ, ಐದಾರು ಸಲ ಅಳೆದು ಸರಾಸರಿ ಹಿಡಿಯಿರಿ.

ವಿಡಿಯೊ ಇದಕ್ಕಿಂತ ನಂಬಿಗಸ್ತ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದು ಫ್ರೇಮಿನಿಂದ ಮುಂದಿನದಕ್ಕೆ 1/30 ಸೆಕೆಂಡ್. 1 ಮೀಟರ್ ಅಂತರದ ಎರಡು ಗುರುತುಗಳ ನಡುವೆ 12 ಅಂತರ ಎಣಿಸಿದರೆ 0.4 ಸೆಕೆಂಡ್, ವೇಗ 2.5 ಮೀ/ಸೆ. ಎಣಿಸಬೇಕಾದ್ದು ಫ್ರೇಮಿನ ನಡುವಿನ ಅಂತರವನ್ನು: 13 ಚಿತ್ರಗಳ ನಡುವೆ 12 ಅಂತರ. ಕಾಗದದ ಪಟ್ಟಿಯ ಮೇಲೆ ಸೆಕೆಂಡಿಗೆ 50 ಚುಕ್ಕೆ ಒತ್ತುವ, 50 ಹರ್ಟ್ಸ್ ವಿದ್ಯುತ್ತಿನ ಟಿಕರ್ ಟೈಮರಿನಲ್ಲೂ ಇದೇ ಎಡವಟ್ಟು, 11 ಚುಕ್ಕೆ ಎಂದರೆ 10 ಅಂತರ, 0.2 ಸೆಕೆಂಡ್. ಸ್ಲೋ ಮೋಷನ್‌ನಲ್ಲಿ ತೆಗೆದಿದ್ದರೆ ಪರದೆಯ ಮೇಲೆ ಓಡುವ ಸಮಯವನ್ನು ನಂಬಬೇಡಿ. 240 ಫ್ರೇಮಿನಲ್ಲಿ ಸೆರೆಹಿಡಿದು 30ರಲ್ಲಿ ತೋರಿಸಿದರೆ ಕಾಲ ಎಂಟು ಪಟ್ಟು ಹಿಗ್ಗಿರುತ್ತದೆ. ಕ್ಯಾಮೆರಾವನ್ನು ಹಾದಿಗೆ ಲಂಬವಾಗಿ, ಸಾಕಷ್ಟು ದೂರದಲ್ಲಿ ಅಲುಗದಂತೆ ಇಡಿ. ಅಳತೆಪಟ್ಟಿ ಗೋಲಿ ಉರುಳುವ ಗೆರೆಯ ಪಕ್ಕದಲ್ಲೇ ಇರಲಿ, ಹಿಂದಿನ ಗೋಡೆಯ ಮೇಲಲ್ಲ. ಗೋಡೆ ದೂರವಿದ್ದಷ್ಟೂ ಓದುವ ಅಳತೆ ನಿಜಕ್ಕಿಂತ ಹೆಚ್ಚು ಬರುತ್ತದೆ.

ಕೊನೆಗೆ ಎಷ್ಟು ಅಂಕಿ ಬರೆಯಬೇಕು ಎಂಬುದು. 100 ಮೀಟರನ್ನು 13.2 ಸೆಕೆಂಡಿನಲ್ಲಿ ಓಡಿದ್ದಕ್ಕೆ ಕ್ಯಾಲ್ಕುಲೇಟರ್ 7.575757 ಎಂದು ಸುರಿಯುತ್ತದೆ. ಕಾಲವನ್ನು ಅಳೆದದ್ದು ಮೂರು ಅಂಕಿಯಲ್ಲಿ, ಉತ್ತರವೂ ಮೂರರಲ್ಲೇ ಇರಲಿ: 7.58 ಮೀ/ಸೆ. ನಡುವಿನ ಹೆಜ್ಜೆಗಳಲ್ಲಿ ದಶಮಾಂಶ ಕತ್ತರಿಸಬೇಡಿ, ಕಟ್ಟಕಡೆಗೆ ಒಂದೇ ಸಲ ಕತ್ತರಿಸಿ, ಪಕ್ಕದಲ್ಲಿ ದಿಕ್ಕು ಬರೆಯಿರಿ.